ದಾದಿಯರ ಕೆಲಸಕ್ಕೆ ಹೋಗುವ ನಮ್ಮ ಹುಡುಗಿಯರಿಗೆ

ವರ್ಷ ವರ್ಷವೂ ನಮ್ಮ ಶಾಲೆಯನ್ನು ಬಿಟ್ಟುಹೋಗುವ ಹುಡುಗಿಯರಲ್ಲಿ ಕೆಲವರು ದಾದಿಯರ ತರಬೇತಿಗೆ ಸೇರುತ್ತಾರೆ. ತರಬೇತಿ ಮುಗಿದ ಬಳಿಕ ಅವರೂ ಅವರ ತಾಯಂದಿರೂ ಬಂದು, “ಯಾವ ಆಸ್ಪತ್ರೆಗೆ ಸೇರಿದರೆ ಒಳ್ಳೆಯದಮ್ಮಾ?” ಎಂದು ಕೇಳುವುದುಂಟು. ಆ ಉತ್ತರವನ್ನು ಇಲ್ಲಿ ಬರೆದಿಡುವುದು ಲೇಸೆಂದು ನಮಗೆ ತೋರಿತು.

ಹಿಂದೆ ಗಣಿಗೆ ತನ್ನದೇ ಆಸ್ಪತ್ರೆಯಿದ್ದಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದ ಮೇಲೆ ಆ ಆಶ್ರಯ ತಪ್ಪಿತು. ಈಗ ನಮ್ಮವರಿಗೆ ಹತ್ತಿರವಿರುವುವು ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಸರಕಾರಿ ಆಸ್ಪತ್ರೆಗಳು, ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಮಿಷನ್ನಿನ ಇ.ಟಿ.ಸಿ.ಎಂ. ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆ. ಗಡಿಯಾಚೆ ಕುಪ್ಪಮಿನ ಪಿ.ಇ.ಎಸ್. ಆಸ್ಪತ್ರೆ. ರೈಲು ಹತ್ತಿದರೆ ಬೆಂಗಳೂರು.

ಸರಕಾರದ ಖಾಯಂ ಕೆಲಸವೇ ಸಂಬಳದಲ್ಲಿಯೂ ಭದ್ರತೆಯಲ್ಲಿಯೂ ಮೇಲು. ಕೇಂದ್ರದ ಏಳನೆಯ ವೇತನ ಆಯೋಗವು ದಾದಿಯರಿಗೆ ಗೊತ್ತುಮಾಡಿದ ಆರಂಭದ ಮೂಲವೇತನ 44,900 ರೂಪಾಯಿ, ಭತ್ಯೆಗಳು ಬೇರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಈ ದರ್ಜೆಯಿರುವುದು. ಆದರೆ ಸ್ಥಾನಗಳು ಕೆಲವೇ, ಸ್ಪರ್ಧೆ ಬಹಳ. ಸರಕಾರದ್ದೆಂದ ಮಾತ್ರಕ್ಕೆ ಎಲ್ಲವೂ ಖಾಯಂ ಅಲ್ಲವೆಂಬುದನ್ನೂ ತಿಳಿದಿರಬೇಕು. ಗುತ್ತಿಗೆಯ ದಾದಿಗೆ ಅದೇ ವಾರ್ಡು, ಅದೇ ರಾತ್ರಿಪಾಳಿ; ಸಂಬಳ ಮಾತ್ರ ಕಡಿಮೆ.

ಖಾಸಗಿ ಆಸ್ಪತ್ರೆಗಳಲ್ಲಿ ಕೆಲಸ ಬೇಗ ದೊರೆಯುವುದು. ಅಲ್ಲಿಯ ಸಂಬಳವನ್ನು ಅಳೆಯಲು ಒಂದು ಅಳತೆಗೋಲುಂಟು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದಂತೆ ನೇಮಕವಾದ ಸಮಿತಿಯು ಹೀಗೆ ಶಿಫಾರಸು ಮಾಡಿತು: 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರಕಾರದ ದಾದಿಯರಿಗೆ ಸಮನಾದ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇಕಡಾ 10ರಷ್ಟು, 50ರಿಂದ 100ರವರೆಗೆ ಶೇಕಡಾ 25ರಷ್ಟು ಮಾತ್ರ ಕಡಿಮೆಯಾಗಬಹುದು, 50ಕ್ಕಿಂತ ಕಡಿಮೆಯಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಇದು ಶಿಫಾರಸಾದುದರಿಂದ ಎಲ್ಲೆಡೆಯೂ ನಡೆಯುತ್ತಿಲ್ಲ. ಆದರೂ ಕೇಳುವ ಬಾಯಿಗೆ ಬಲ ಕೊಡುವುದು.

ಸಂಬಳದ ಅಂಕೆಯೊಂದನ್ನೇ ನೋಡಬೇಡಿರಿ. ಬೆಂಗಳೂರಿನಲ್ಲಿ ನಾಲ್ಕು ಸಾವಿರ ಹೆಚ್ಚು ಕೊಟ್ಟು, ವಸತಿಗೂ ಊಟಕ್ಕೂ ಆರು ಸಾವಿರ ಹಿಡಿದರೆ, ಮನೆಯಿಂದಲೇ ಕೋಲಾರಕ್ಕೆ ಹೋಗಿಬರುವವಳ ಕೈಯಲ್ಲಿಯೇ ಹೆಚ್ಚು ಹಣ ಉಳಿದೀತು. ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಪ್ರಾವಿಡೆಂಟ್ ಫಂಡ್ ಉಂಟೇ? 21,000ದವರೆಗಿನ ಸಂಬಳಕ್ಕೆ ಇ.ಎಸ್.ಐ. ಕಟ್ಟುವರೇ? ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆಯು 2017ರಿಂದ ಕಾನೂನಿನ ಹಕ್ಕು, ಅದನ್ನು ಕೊಡುವರೇ? ರಾತ್ರಿಪಾಳಿ ಮುಗಿಸಿದವಳಿಗೆ ವಾಹನವುಂಟೇ? ಇವೆಲ್ಲವನ್ನೂ ಸೇರುವ ಮೊದಲೇ ಕೇಳತಕ್ಕದ್ದು. ಕುಪ್ಪಮಿಗೆ ಹೋಗುವವರು ಆಂಧ್ರದ ನರ್ಸಿಂಗ್ ಮಂಡಲಿಯ ನೋಂದಣಿಯ ವಿಷಯವನ್ನೂ ವಿಚಾರಿಸಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೇರುವಾಗ ಮೂಲ ಸರ್ಟಿಫಿಕೇಟುಗಳನ್ನು ಆಸ್ಪತ್ರೆಯ ಕಚೇರಿಗೆ ಒಪ್ಪಿಸಿಬಿಟ್ಟಳು. ವರ್ಷದೊಳಗೆ ಸರಕಾರಿ ಕೆಲಸಕ್ಕೆ ಕರೆ ಬಂದಿತು. ಕಾಗದಗಳು ಕೈಗೆ ಬರುವ ಹೊತ್ತಿಗೆ ದಿನ ಮೀರಿತ್ತು. ಆಕೆಯ ತಾಯಿ ನಮ್ಮ ಮುಂದೆ ಕುಳಿತು ಅತ್ತುದನ್ನು ನಾವು ಮರೆತಿಲ್ಲ. ನಕಲುಗಳನ್ನು ಕೊಡಿರಿ, ಮೂಲವನ್ನು ತೋರಿಸಿ ಹಿಂದಕ್ಕೆ ಪಡೆಯಿರಿ. ನೇಮಕದ ಪತ್ರವನ್ನು ಓದದೆ ರುಜು ಹಾಕಬೇಡಿರಿ.

ಸೇವೆಯೆಂಬುದು ದೊಡ್ಡ ಮಾತು. ಆದರೆ ಸೇವೆ ಮಾಡುವವಳೂ ಉಣ್ಣಬೇಕು, ನಿದ್ರಿಸಬೇಕು, ಮನೆಗೆ ನಾಲ್ಕು ಕಾಸು ಕಳುಹಿಸಬೇಕು. ನ್ಯಾಯವಾದ ಸಂಬಳವನ್ನು ಕೇಳುವುದರಿಂದ ನಿಮ್ಮ ಸೇವೆಗೆ ಕುಂದು ಬಾರದು.