ಕಾಡಿನ ಫಸಲು: ಕೊಯ್ಲಿನ ಕ್ರಮ ಮತ್ತು ಕಾಡಿನ ಉಳಿವು

ಹೊಲದ ಬೆಳೆಯನ್ನು ಬಿತ್ತಿದವನೇ ಕೊಯ್ಯುತ್ತಾನೆ. ಕಾಡಿನ ಫಸಲನ್ನು ಬಿತ್ತಿದವರು ಯಾರೂ ಇಲ್ಲ. ಆದುದರಿಂದ ಅದನ್ನು ಯಾರು, ಎಷ್ಟು, ಹೇಗೆ ಕೊಯ್ಯಬೇಕೆಂಬುದು ಸದಾ ವಿವಾದದ ವಿಷಯವಾಗಿದೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಲ್ಲಂತೂ ಈ ಪ್ರಶ್ನೆ ಇನ್ನೂ ಜಟಿಲ. ಅಲ್ಲಿ ತಲೆತಲಾಂತರದಿಂದ ಬಾಳಿದ ಜನ ಜೇನು, ನೆಲ್ಲಿ, ಸೀಗೆ, ಗೆಡ್ಡೆಗೆಣಸು, ಮೀನುಗಳನ್ನೇ ನಂಬಿದವರು. ಸಂಗ್ರಹಣೆಯನ್ನು ನಿಲ್ಲಿಸಿಬಿಟ್ಟರೆ ಕಾಡು ತಾನಾಗಿಯೇ ಉಳಿಯುತ್ತದೆ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಇದು ಪೂರ್ತಿ ಸರಿಯಲ್ಲವೆಂದು ಬಿಳಿಗಿರಿರಂಗನ ಬೆಟ್ಟದ ಅನುಭವ ತೋರಿಸಿಕೊಟ್ಟಿದೆ.

ಬೆಟ್ಟದಲ್ಲಿ ನಡೆದದ್ದು

ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲು ಸೋಲಿಗರ ನೆಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ 1974ರಲ್ಲಿ ಇದನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಬೇಟೆಯೂ ನಿಂತಿತು, ಕಾಡು ಸವರಿ, ಜಾಗ ಬದಲಿಸುತ್ತಾ ರಾಗಿ ಬಿತ್ತುವ ಪದ್ಧತಿಯೂ ನಿಂತಿತು. ಸೋಲಿಗರು ಪೋಡುಗಳಲ್ಲಿ ಒಂದೆಡೆ ನೆಲೆಸಿದರು. ಜೇನು, ನೆಲ್ಲಿ ಮುಂತಾದ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹಣೆ ಮಾತ್ರ 'ಲ್ಯಾಂಪ್ಸ್' ಎಂದು ಕರೆಯುವ ಗಿರಿಜನ ಸಹಕಾರ ಸಂಘಗಳ ಮೂಲಕ ಮುಂದುವರಿಯಿತು.

ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ಕಾಯಿದೆಯ 2002ರ ತಿದ್ದುಪಡಿ ಅಡ್ಡಿಯಾಯಿತು. ಅದರ ಪರಿಣಾಮವಾಗಿ 2006ರಲ್ಲಿ ಇಲ್ಲಿನ ಸಂಗ್ರಹಣೆ ನಿಂತುಹೋಗಿ, ಕುಟುಂಬಗಳ ಕೈಗೆ ಬರುತ್ತಿದ್ದ ನಗದು ಹಣ ತಪ್ಪಿತು. ಅದೇ ವರ್ಷದ ಕೊನೆಯಲ್ಲಿ ಅರಣ್ಯ ಹಕ್ಕು ಕಾಯಿದೆ ಅಂಗೀಕಾರವಾಯಿತು. 2011ರಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಉತ್ಪನ್ನಗಳ ಮೇಲಿನ ಸಾಮುದಾಯಿಕ ಹಕ್ಕನ್ನು ಮಾನ್ಯ ಮಾಡಲಾಯಿತು.

ನೆಲ್ಲಿಗೆ ಆಪತ್ತು ತಂದದ್ದು ಯಾವುದು?

ಬೆಟ್ಟದಲ್ಲಿ ಎರಡು ಜಾತಿಯ ಕಾಡುನೆಲ್ಲಿ ಇವೆ. ಕಾಯಿಗಳನ್ನೆಲ್ಲ ಜನ ಕೊಯ್ದರೆ ಬೀಜ ಉಳಿಯದು, ಸಸಿ ಹುಟ್ಟದು, ಜಿಂಕೆ ಕಾಡುಕುರಿಗಳಿಗೂ ಆಹಾರ ತಪ್ಪುತ್ತದೆ ಎಂಬ ಆತಂಕ ಸಹಜವಾದುದೇ. ಸಂಶೋಧಕರು ಸೋಲಿಗರನ್ನೂ ಜೊತೆಗೂಡಿಸಿಕೊಂಡು ಹಲವು ವರ್ಷ ಮರಗಳನ್ನು ಗುರುತು ಹಾಕಿ ಪರಿಶೀಲಿಸಿದರು. ನೆಲ್ಲಿಯ ಸಂತತಿ ಕುಗ್ಗಲು ಕಾಯಿ ಕೊಯ್ಲಿಗಿಂತ ಬೇರೆ ಎರಡು ಕಾರಣಗಳು ಮುಖ್ಯವೆಂದು ಕಂಡುಬಂತು.

ಮೊದಲನೆಯದು ಬಂದಳಿಕೆ. ಸೋಲಿಗರು ಇದನ್ನು 'ಉಪ್ಪಿಲು' ಎನ್ನುತ್ತಾರೆ. ಮಾವಿನ ತೋಪು ಇರುವ ರೈತರಿಗೆ ಈ ಜಾತಿಯ ಪೀಡೆ ಹೊಸದಲ್ಲ. ಹಕ್ಕಿಗಳು ತಿಂದು ಹಾಕಿದ ಅಂಟುಬೀಜ ಕೊಂಬೆಯ ಮೇಲೆ ಮೊಳೆತು, ಬೇರನ್ನು ತೊಗಟೆಯೊಳಕ್ಕೆ ಇಳಿಸಿ, ಮರದ ನೀರನ್ನೂ ಲವಣಗಳನ್ನೂ ಹೀರುತ್ತದೆ. ಕಾಯಿ ಕಡಿಮೆಯಾಗುತ್ತದೆ, ಕೊಂಬೆ ಒಣಗುತ್ತದೆ, ಕಡೆಗೆ ಮರವೇ ಸಾಯಬಹುದು.

ಎರಡನೆಯದು ಲಂಟಾನ. ಇದು ದಟ್ಟವಾಗಿ ಹಬ್ಬಿದ ಕಡೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಹುಲ್ಲು ಹೋಗುತ್ತದೆ, ನೆಲ್ಲಿಯ ಸಸಿ ಮೇಲೇಳಲಾರದು.

ಹಿಂದೆ ಬೇಸಿಗೆ ಬಲಿಯುವ ಮೊದಲೇ ನೆಲದ ಒಣ ಎಲೆಗೆ ಹಾಕುತ್ತಿದ್ದ 'ತರಗು ಬೆಂಕಿ' ಈ ಎರಡನ್ನೂ ಹದ್ದಿನಲ್ಲಿಡುತ್ತಿತ್ತು ಎಂಬುದು ಸೋಲಿಗರ ಹೇಳಿಕೆ. ಅಧ್ಯಯನಗಳು ಈ ಮಾತಿಗೆ ಬಹುಮಟ್ಟಿಗೆ ಪುಷ್ಟಿ ನೀಡಿವೆ. ಆದರೆ ಒಂದು ಎಚ್ಚರಿಕೆ: ಇಂದು ಕಾಡಿಗೆ ಬೆಂಕಿ ಹಾಕುವುದು ಅಪರಾಧ. ಆಳೆತ್ತರದ ಲಂಟಾನಕ್ಕೆ ತಗುಲಿದ ಕಿಚ್ಚು ಮರದ ನೆತ್ತಿಗೇರುತ್ತದೆ. ಮೊದಲು ಲಂಟಾನವನ್ನು ಬುಡಸಹಿತ ತೆಗೆಯಬೇಕು. ಬೆಂಕಿಯ ವಿಚಾರವನ್ನು ಇಲಾಖೆಯೂ ಗ್ರಾಮಸಭೆಯೂ ಒಟ್ಟಿಗೆ ಕುಳಿತು ತೀರ್ಮಾನಿಸಬೇಕೇ ಹೊರತು ಯಾರೂ ತಾವಾಗಿ ಕಡ್ಡಿ ಗೀರಬಾರದು.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಾಯಿ ಕೊಯ್ಯಲು ಮರ ಹತ್ತಿದವರು ಬಂದಳಿಕೆ ಹಿಡಿದ ಕೊಂಬೆಯನ್ನೂ ಕಡಿದು ಬರುತ್ತಿದ್ದರು. ಕೊಯ್ಲು ನಿಂತಾಗ ಈ ಆರೈಕೆಯೂ ನಿಂತಿತು.

ಯಾವ ಭಾಗವನ್ನು ತೆಗೆಯುತ್ತೇವೆ?

ಎಲ್ಲ ಕೊಯ್ಲಿಗೂ ಒಂದೇ ನಿಯಮ ಸಲ್ಲದು. ಕಾಯಿ ಕಿತ್ತರೆ ಮರ ಉಳಿಯುತ್ತದೆ. ಮಾಗಳಿಯ ಬೇರನ್ನು ಪೂರ್ತಿ ಅಗೆದರೆ ಬಳ್ಳಿಯೇ ಹೋಗುತ್ತದೆ. ಆದ್ದರಿಂದ ಬೇರು, ತೊಗಟೆಗಳ ವಿಷಯದಲ್ಲಿ ಬಿಗಿ ಹೆಚ್ಚು ಬೇಕು. ಉಪ್ಪಿನಕಾಯಿಗೆ ಮಾಗಳಿ ಬೇರು ಬೇಕಾದವರು ಅದನ್ನು ಹಿತ್ತಲಿನಲ್ಲಿ ಬೆಳೆಸುವುದೇ ಲೇಸು.

ಹೆಜ್ಜೇನಿನ ಹುಟ್ಟಿನಲ್ಲಿ ತುಪ್ಪವು ಮೇಲ್ಭಾಗದ ಒಂದು ಕಡೆ ಉಬ್ಬಿಕೊಂಡಿರುತ್ತದೆ. ಕೆಳಗಿನದು ಮರಿಗಳಿರುವ ಎರಿ. ಇಡೀ ಹುಟ್ಟನ್ನು ಕೊಯ್ದು ಕೆಡವಿದರೆ ಮುಂದಿನ ಪೀಳಿಗೆಯೇ ನಾಶವಾಗುತ್ತದೆ. ಹೊಗೆಯಿಂದ ಹುಳುಗಳನ್ನು ಸರಿಸಿ ತುಪ್ಪದ ಭಾಗವನ್ನಷ್ಟೇ ಕೊಯ್ದು, ಮರಿ ಎರಿಯನ್ನು ಬಿಡಬೇಕು. ಮರಿ ಸೇರಿಸಿ ಕೈಯಿಂದ ಹಿಂಡಿದ ತುಪ್ಪ ಬೇಗ ಹುಳಿಯುತ್ತದೆ. ಬಟ್ಟೆಯಲ್ಲಿ ಸೋರಿಸಿದ್ದು ಬಹುಕಾಲ ಕೆಡದು. ಇದು ಕಾಡಿನವರಿಗಷ್ಟೇ ಸಂಬಂಧಿಸಿದ ಮಾತಲ್ಲ. ಕಾಫಿ, ಸೂರ್ಯಕಾಂತಿಗಳ ಪರಾಗಸ್ಪರ್ಶಕ್ಕೆ ಹೆಜ್ಜೇನು ಬಹಳ ನೆರವಾಗುತ್ತದೆ. ಹೂ ಬಿಟ್ಟ ಬೆಳೆಗೆ ಕೀಟನಾಶಕ ಸಿಂಪಡಿಸುವ ರೈತ ತನ್ನ ಫಸಲಿಗೇ ನಷ್ಟ ತಂದುಕೊಳ್ಳುತ್ತಾನೆ.

ಮೀನು ಮತ್ತು ಬೇಟೆ

ಅರಣ್ಯ ಹಕ್ಕು ಕಾಯಿದೆಯು ನೀರಿನ ಮೀನು ಮತ್ತಿತರ ಉತ್ಪನ್ನಗಳ ಮೇಲಿನ ಸಾಮುದಾಯಿಕ ಹಕ್ಕನ್ನೂ ಒಪ್ಪುತ್ತದೆ. ಆದರೆ ಬೇಟೆಯಾಡುವ, ಉರುಳು ಒಡ್ಡುವ ಹಕ್ಕನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಈ ವ್ಯತ್ಯಾಸವನ್ನು ಎಲ್ಲರೂ ತಿಳಿದಿರಬೇಕು.

ಉದ್ಯಾನದೊಳಗಿನ ಮೀನುಗಾರಿಕೆಗೆ ಮಧ್ಯಪ್ರದೇಶದ ಪೆಂಚ್ ರಾಷ್ಟ್ರೀಯ ಉದ್ಯಾನದ ಪ್ರಸಂಗ ಒಳ್ಳೆಯ ನಿದರ್ಶನ. ಮೊದಲು ಅದೇ ಕಾಡಿನಲ್ಲಿದ್ದ ಬುಡಕಟ್ಟು ಜನರಿಗೆ ತೋತಲಾಡೋಹ ಜಲಾಶಯದಲ್ಲಿ ಮೀನು ಹಿಡಿಯಲು 305 ಪರವಾನಗಿಗಳನ್ನು ನೀಡಲಾಗಿತ್ತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ಪರವಾನಗಿಗಳನ್ನು ರದ್ದುಪಡಿಸಲಿಲ್ಲ. ಬದಲಿಗೆ ಷರತ್ತುಗಳನ್ನು ವಿಧಿಸಿತು. ಪ್ರತಿಯೊಬ್ಬರಿಗೂ ಭಾವಚಿತ್ರವಿರುವ ಗುರುತಿನ ಚೀಟಿ, ಜಲಾಶಯ ಬಿಟ್ಟು ಉದ್ಯಾನದ ಬೇರೆಡೆ ಕಾಲಿಡದಿರುವುದು, ದಡದಲ್ಲಿ ಒಲೆ ಹಚ್ಚದಿರುವುದು, ಹಿಡಿದ ಮೀನಿನ ದಿನವಹಿ ಲೆಕ್ಕ ಇವು ಅವುಗಳಲ್ಲಿ ಮುಖ್ಯವಾದವು. ಜೀವನೋಪಾಯ, ಸಂರಕ್ಷಣೆ ಎರಡಕ್ಕೂ ಎಡೆಮಾಡಿಕೊಡುವ ದಾರಿ ಇದು.

ಅನುಸರಿಸಬೇಕಾದ ಕ್ರಮಗಳು

1. ಕೊಯ್ಲಿಗೆ ಮೊದಲು ಗ್ರಾಮಸಭೆಯ ತಂಡ ಕಾಡು ಸುತ್ತಿ, ಫಸಲಿನ ಅಂದಾಜು ಮಾಡಬೇಕು. ಕಾಯಿ ಕಡಿಮೆ ಇರುವ ವರ್ಷ ಕೊಯ್ಲೂ ಕಡಿಮೆಯಾಗಬೇಕು.

2. ಕೊಯ್ಲಿನ ದಿನವನ್ನು ಎಲ್ಲರೂ ಸೇರಿ ಗೊತ್ತುಪಡಿಸಬೇಕು. 'ನಾನು ಬಿಟ್ಟರೆ ಇನ್ನೊಬ್ಬ ಕಿತ್ತಾನು' ಎಂಬ ಭಯವೇ ಎಳೆಗಾಯಿ ಕೊಯ್ಲಿಗೆ ಕಾರಣ.

3. ಕಾಯಿಗಾಗಿ ಆರೋಗ್ಯವಂತ ಕೊಂಬೆಯನ್ನು ಕಡಿಯಬಾರದು. ಬಂದಳಿಕೆಯನ್ನು ಅದು ಹೂ ಕಾಯಿ ಬಿಡುವ ಮೊದಲೇ, ಅಂಟಿಕೊಂಡ ಜಾಗಕ್ಕಿಂತ ಒಂದು ಗೇಣು ಕೆಳಗೆ ಕೊಂಬೆಸಹಿತ ತೆಗೆಯಬೇಕು. ಮಾವಿಗೂ ಇದೇ ಕ್ರಮ.

4. ಪ್ರತಿ ಮರದಲ್ಲಿಯೂ ಕಾಡುಪ್ರಾಣಿಗಳಿಗೆ ಮತ್ತು ಬೀಜಕ್ಕೆ ಒಂದಿಷ್ಟು ಕಾಯಿ ಬಿಡಬೇಕು.

5. ಹೊಸ ನೀರಿಗೆ ಮೊಟ್ಟೆಯಿಡಲು ಮೇಲೇರುವ ಮೀನನ್ನು ಹಿಡಿಯಬಾರದು. ವಿಷ ಮತ್ತು ಸಿಡಿಮದ್ದುಗಳನ್ನು ಎಂದಿಗೂ ಬಳಸಬಾರದು.

6. ತೂಕ, ದರ, ಕೊಯ್ದ ಜಾಗಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ವಿವಾದ ಬಂದಾಗ ಈ ಲೆಕ್ಕವೇ ಸಂಗ್ರಹಕಾರರಿಗೆ ಆಧಾರ.

ಗುತ್ತಿಗೆಯವನು ಈ ವರ್ಷದ ಲಾಭವನ್ನಷ್ಟೇ ನೋಡುತ್ತಾನೆ. ಮುಂದಿನ ವರ್ಷವೂ ಅದೇ ಮರಕ್ಕೆ ಬರಬೇಕಾದವನು ಮರವನ್ನು ಕಾಯುತ್ತಾನೆ. ಹಕ್ಕು ಭದ್ರವಾಗಿದ್ದರೆ ಹೊಣೆಯೂ ಭದ್ರವಾಗುತ್ತದೆ. ಹಕ್ಕು ಪಡೆದ ಗ್ರಾಮಸಭೆಗಳು ಈ ಹೊಣೆಯನ್ನು ಅರಿತು ನಡೆದರೆ, ಇಲಾಖೆಯೂ ಅವರ ತಿಳಿವಳಿಕೆಯನ್ನು ಬಳಸಿಕೊಂಡರೆ, ಕಾಡಿನ ಫಸಲು ಮುಂದಿನ ಪೀಳಿಗೆಗೂ ಉಳಿಯುವುದು.