ಕರಿಹಲಗೆಯ ಉಪಾಧ್ಯಾಯರೂ ತೆರೆಯ ಪಾಠಗಳೂ

ಹತ್ತಾರು ವರ್ಷ ಸೀಮೆಸುಣ್ಣ ಹಿಡಿದ ಉಪಾಧ್ಯಾಯರು ಈಗ ಆನ್‌ಲೈನ್ ಪಾಠಗಳ ರಚನೆಗೆ ಇಳಿಯುತ್ತಿರುವುದು ನಮ್ಮ ವಾಚಕರಿಗೆ ತಿಳಿಯದ ಸಂಗತಿಯಲ್ಲ. 2017ರಲ್ಲಿ ಕೇಂದ್ರ ಸರಕಾರದವರು ದೀಕ್ಷಾ ಜಾಲವನ್ನು ತೆರೆದ ತರುವಾಯ ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಸಂಕೇತಗಳು ಅಚ್ಚಾದವು. ಅವುಗಳ ಹಿಂದಿನ ಪಾಠಗಳನ್ನು ಅಣಿಗೊಳಿಸುವುದರಲ್ಲಿ ಶಾಲಾ ಉಪಾಧ್ಯಾಯರೂ ಪಾಲುಗೊಂಡರು. ಇದು ವರ್ಗದಿಂದ ತಪ್ಪಿಸಿಕೊಳ್ಳುವ ಹಾದಿಯೆಂದು ಹಳಿಯುವವರುಂಟು. ನಾವು ಹಾಗೆ ಭಾವಿಸುವುದಿಲ್ಲ. ಆದರೆ ಆ ಹಾದಿಯು ಯಾದಗಿರಿ ಸೀಮೆಯ ಬಳಿಚಕ್ರದಂಥ ಊರುಗಳನ್ನು ಹಾದುಹೋಗಬೇಕೆಂಬುದು ನಮ್ಮ ಹಟ.

52ರಲ್ಲಿ 17 ಕಳೆಯಿರೆಂದರೆ ಎಷ್ಟೋ ಮಕ್ಕಳು 45 ಎಂದು ಬರೆಯುತ್ತವೆ. 2ರಿಂದ 7 ಹೋಗದೆಂದು ಕಂಡು, 7ರಿಂದಲೇ 2ನ್ನು ಕಳೆದುಬಿಡುತ್ತವೆ. ಇದು ಅಜಾಗ್ರತೆಯಲ್ಲ, ಮಗುವಿನ ತರ್ಕ. ವರ್ಗದಲ್ಲಿ ನಿಂತವನಿಗೆ ಇದು ಮಗುವಿನ ಮುಖದಲ್ಲಿಯೇ ಕಾಣುತ್ತದೆ. ತೆರೆಗೆ ಮುಖ ಕಾಣದು. ಆದಕಾರಣ ಪಾಠ ರಚಿಸುವವನು 45ನ್ನೂ ಉತ್ತರಗಳ ನಡುವೆ ಮೊದಲೇ ಇಟ್ಟು, ಅದನ್ನು ಆರಿಸಿದ ಮಗುವಿಗೆ ಹತ್ತನ್ನು ಬಿಡಿಸುವ ಬಗೆಯನ್ನು ಬೇರೆಯಾಗಿ ತೋರಿಸಬೇಕು. ಕ್ಯಾಮರಾದ ಮುಂದೆ ಉಪನ್ಯಾಸ ಒಪ್ಪಿಸುವುದು ಈ ವಿದ್ಯೆಯಲ್ಲ. (ದುರ್ದೈವದಿಂದ ಅಂಥವೇ ಬಹಳ.)

ಇನ್ನು ನಮ್ಮ ಸೀಮೆಯ ಮಾತು. 1948ರ ವರೆಗೆ ನಿಜಾಮರ ಆಳಿಕೆಯಲ್ಲಿ ಕನ್ನಡ ಶಾಲೆಗಾಗಿ ಹಂಬಲಿಸಿದ ನಾಡಿದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75.36 ಇದ್ದಾಗ ಯಾದಗಿರಿ ಜಿಲ್ಲೆಯದು 51.83 ಮಾತ್ರ, ರಾಜ್ಯದಲ್ಲಿಯೇ ಕಡೆಯ ಸ್ಥಾನ. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ, ಮನೆಗೊಂದೇ ಫೋನು, ಅದೂ ದುಡಿಯಲು ಹೋದ ತಂದೆಯ ಕಿಸೆಯಲ್ಲಿ, ಎಂಬ ಸ್ಥಿತಿ ಹಳ್ಳಿಹಳ್ಳಿಗಳಲ್ಲಿತ್ತು. ಅದೇ ಆಗಸ್ಟಿನಲ್ಲಿ ಮೊದಲಾದ ವಿದ್ಯಾಗಮದಲ್ಲಿ ಉಪಾಧ್ಯಾಯರೇ ಗುಡಿಕಟ್ಟೆಗಳಿಗೂ ಮರದ ನೆರಳಿಗೂ ನಡೆದುಹೋಗಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಈ ಅನುಭವವನ್ನು ಉಂಡವರೇ ಪಾಠ ರಚಿಸಿದರೆ, ಜಾಲವಿಲ್ಲದಾಗಲೂ ತೆರೆಯಬಲ್ಲ, ಐದಾರು ನಿಮಿಷಗಳಲ್ಲಿ ಮುಗಿಯುವ ಪಾಠವನ್ನು ರಚಿಸಿಯಾರು. ಜೋಳ ತೊಗರಿಗಳ ಹೊಲದ ಮಗುವಿಗೆ ಅಡಕೆ ತೋಟದ ಲೆಕ್ಕವನ್ನೇ ಒಡ್ಡಲಾರರು.

ಸರಕಾರದವರಲ್ಲಿ ನಮ್ಮ ಕೇಳಿಕೆ ಇಷ್ಟು: ಪಾಠರಚನೆಯ ದುಡಿಮೆಯನ್ನು ಸೇವೆಯ ಲೆಕ್ಕಕ್ಕೆ ಹಿಡಿಯಲಿ, ರಚಿಸಿದವರನ್ನು ಆಗಾಗ್ಗೆ ವರ್ಗಕ್ಕೆ ಮರಳಿಸಲಿ. ಮತ್ತು ಇಂಥ ಊರಿನಿಂದ ಒಬ್ಬ ಉಪಾಧ್ಯಾಯನನ್ನು ಈ ಕೆಲಸಕ್ಕೆ ಕರೆಯುವ ದಿನವೇ ಅವನ ಸ್ಥಾನಕ್ಕೆ ಇನ್ನೊಬ್ಬನನ್ನು ಕಳಿಸಲಿ.