ಎಂಟರ್‌ಪ್ರೈಸ್ ನೌಕೆಯ ಎಡಭಾಗ ಎಲ್ಲಿ?

‘ಸ್ಟಾರ್ ಟ್ರೆಕ್’ನ ಎಂಟರ್‌ಪ್ರೈಸ್ ನೌಕೆಯನ್ನ ಬ್ರೌಸರ್‌ನಲ್ಲೇ ಮೌಸ್ ಹಿಡಿದು ತಿರುಗಿಸೋ ಮಾದರಿ ಸಿಕ್ಕರೆ, ಹಳೇ ಅಭಿಮಾನಿಗಳು ಎಡಭಾಗದ ಬಗ್ಗೆ ಜಗಳ ತೆಗೀತಾರೆ. ಯಾಕೆ ಗೊತ್ತಾ? 1966ರಲ್ಲಿ ಶುರುವಾದ ಧಾರಾವಾಹಿಗೆ ಬಳಸಿದ 11 ಅಡಿಯ ಮಾದರಿಯಲ್ಲಿ ಎಡಭಾಗದ ಕೆಲಸವೇ ಮುಗಿದಿರಲಿಲ್ಲ! ದೀಪದ ವೈರುಗಳು ಆ ಕಡೆಯಿಂದ ಹೊರಬರುತ್ತಿದ್ದವು. ಕ್ಯಾಮೆರಾ ಬಲಭಾಗದಲ್ಲೇ ನಿಲ್ಲುತ್ತಿತ್ತು. ಎಡಭಾಗ ಬೇಕೇ ಬೇಕು ಅಂದಾಗ ಬಲಕ್ಕೆ ಉಲ್ಟಾ ಅಕ್ಷರ ಅಂಟಿಸಿ, ಶೂಟ್ ಮಾಡಿ, ಫಿಲ್ಮನ್ನೇ ಮಗುಚಿದರು. ಆ ಮಾದರಿ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಬ್ರೌಸರ್‌ನಲ್ಲಾದ್ರೆ ನೋಡುವವನೇ ಕ್ಯಾಮೆರಾಮನ್. ವೆಬ್‌ಜಿಎಲ್ ಮೂಲಕ ಗ್ರಾಫಿಕ್ಸ್ ಕಾರ್ಡ್ ತ್ರಿಕೋನಗಳನ್ನ ಪ್ರತಿ ಫ್ರೇಮ್‌ಗೂ ಹೊಸದಾಗಿ ಬಿಡಿಸುತ್ತೆ, ಯಾವ ಕೋನವನ್ನೂ ಬಚ್ಚಿಡೋಕಾಗಲ್ಲ. ಬಲಭಾಗದ ಎಕ್ಸ್ ಬೆಲೆಗಳಿಗೆ ಮೈನಸ್ ಹಾಕಿದ್ರೆ ಎಡಭಾಗ ರೆಡಿ ಅಂತೀರಾ? ತ್ರಿಕೋನಗಳ ಸುತ್ತು ಉಲ್ಟಾ ಆಗಿ, ಹೊರಮೈಯನ್ನ ಒಳಮೈ ಅಂದ್ಕೊಂಡು ಕಾರ್ಡ್ ಬಿಡಿಸದೇ ಇರಬಹುದು. ಅದನ್ನ ಸರಿಮಾಡಿದ್ರೂ ‘ಎನ್‌ಸಿಸಿ-1701’ ಕನ್ನಡಿಯಲ್ಲಿ ಕಂಡಂಗೆ ಕಾಣುತ್ತೆ. ಆಗಿನವರ ತಲೆನೋವೇ ಇದು! ಅಕ್ಷರವನ್ನ ಬೇರೆಯಾಗಿ ಸರಿಮಾಡಲೇಬೇಕು.

ಇಷ್ಟು ಮಾಡಿದರೂ ಜಗಳ ಮುಗಿಯಲ್ಲ. ಎಡಭಾಗ ತುಂಬಿಸಿದರೆ ಅದು ಕಥೆಯ ನೌಕೆ. ವೈರು ಹಾಗೇ ಬಿಟ್ಟರೆ ಸ್ಟುಡಿಯೋ ಮಾದರಿ. ‘ಪಕ್ಕಾ ಒರಿಜಿನಲ್’ ಯಾವುದು? ನನ್ನ ವೋಟು ವೈರುಗಳಿಗೆ. ಒಂದು ಬಟನ್ ಇಟ್ಟು ಎರಡನ್ನೂ ತೋರಿಸೋರು ಸಿಕ್ಕರೆ ಮಾತ್ರ ಪಕ್ಷಾಂತರ ಮಾಡ್ತೀನಿ.